ಜ್ವರದ ಅರ್ಜಿ

ಮೊನ್ನೆ ಸಂಜೆ ಟೈಪಿಂಗ್ ಕ್ಲಾಸಿಗೆ ಹೊರಟವನು ಮಾಗಡಿ ರಸ್ತೆಯಲ್ಲಿ ಬಸ್ಸಿಗೆ ಕಾಯುತ್ತಿದ್ದೆ. ಕ್ಯೂನಲ್ಲಿ ನನ್ನ ಮುಂದೆಯೇ ನಿಂತಿದ್ದ ಖಾಕಿ ಬಟ್ಟೆಯ, ತಲೆ ಬೋಳಿಸಿದ್ದ ಕಾರ್ಮಿಕನೊಬ್ಬ ತನ್ನ ಸ್ಕೂಲಿನ ಹಳೇ ಇಂಗ್ಲಿಷ್ ಮೇಷ್ಟ್ರಿಗೆ ಒಂದು ಕಾಗದ ತೋರಿಸುತ್ತಿದ್ದ.

“ಮೆಮೋ ಕೊಟ್ಟವ್ರೆ ಸಾರ್. ನಾಳೆ ಇಂಗ್ಲಿಷಲ್ಲೇ ಉತ್ತರ ಬರ್ಕೊಡ್ಬೇಕು. ಇಲ್ದಿದ್ರೆ ಕೆಲಸ ಹೋಯ್ತದೆ.”

“ಏನ್ ಮಾಡ್ದೆ ಅಂಜಿನಯ್ಯ?”

“ನಮ್ಮವ್ವ ತೀರ್ಕೊಂಡ್ಳು ಸಾರ್. ರಜಾ ಅರ್ಜೀಲಿ ನಂಗೆ ಜ್ವರ ಅಂತ ಬರ್ದೆ.”

“ತಾಯಿ ಹೋದ್ರೆ ಜ್ವರ ಅಂತ ಯಾಕೋ ಬರ್ದೆ?”

“ನೀವು ಬಾಯಿಪಾಠ ಮಾಡ್ಸಿದ್ದು ಅದೊಂದೇ ಅರ್ಜಿ ಅಲ್ವಾ ಸಾರ್. ನಿದ್ದೇಲಿ ಎಬ್ಸಿದ್ರೂ ತಪ್ಪಿಲ್ದೆ ಬರೀತೀನಿ. ವಾಪಸ್ ಹೋದಾಗ ಸೂಪರ್‌ವೈಸರು, ಇದ್ಯಾವ ಜ್ವರಕ್ಕಯ್ಯಾ ತಲೆ ಬೋಳಿಸ್ತಾರೆ ಅಂತ ಎಲ್ರ ಮುಂದೆ ನಕ್ರು. ಸುಳ್ಳು ಅರ್ಜಿ ಕೊಟ್ಟೆ ಅಂತ ಈಗ ಈ ಮೆಮೋ.”

ಮೇಷ್ಟ್ರು ಕನ್ನಡಕ ತೆಗೆದು ಪಂಚೆಯ ಅಂಚಿನಲ್ಲಿ ತುಂಬಾ ಹೊತ್ತು ಒರೆಸಿದರು.

“ಪರೀಕ್ಷೆಗೆ ಅದೊಂದೇ ಬರ್ತಿತ್ತು ಕಣೋ.”

“ನಿಮ್ಮನ್ನ ಅಂತಿಲ್ಲ ಸಾರ್. ಇದ್ದದ್ದನ್ನ ಇದ್ದಂಗೆ ಹೆಂಗೆ ಬರೀಬೇಕು, ಅಷ್ಟು ಹೇಳಿ.”

“ನಂಗೂ ಸರಿಯಾಗಿ ಬರಲ್ಲ.”

“ತಮಾಷೆ ಮಾಡ್ಬೇಡಿ ಸಾರ್.”

“ನಮ್ಮ ತಾಯಿ ಹೋದಾಗ ಹೆಡ್‌ಮಾಸ್ಟರಿಗೆ ನಾನೂ ಜ್ವರ ಅಂತ್ಲೇ ಬರ್ಕೊಟ್ಟಿದ್ದೆ. ಅವರು ಏನೂ ಕೇಳ್ಲಿಲ್ಲ, ಅಷ್ಟೆ.”

ಅಷ್ಟರಲ್ಲಿ ಬಸ್ಸು ಬಂತು.

“ಬಾ, ಮನೇಲಿ ಡಿಕ್ಷನರಿ ಇದೆ. ಇಬ್ರೂ ಕೂತು ಬರಿಯೋಣ.”

ಬಸ್ಸು ಬಿಟ್ಟು ಇಬ್ಬರೂ ಗೋವಿಂದರಾಜನಗರದ ಕಡೆ ನಡೆದರು. ಮೆಮೋ ಈಗ ಮೇಷ್ಟ್ರ ಕೈಯಲ್ಲಿತ್ತು.