ಮಧ್ಯಾಹ್ನ ಹನ್ನೆರಡರ ವಾಸನೆ

ಕಿಟಕಿ ಹಾಕ್ಕೊಳ್ಳಿ, ದೀಪ ಸಣ್ಣಗೆ ಮಾಡಿ. ಇದು ಅವರಿವರ ಬಾಯಿಂದ ಕೇಳಿದ್ದಲ್ಲ. ನನ್ನ ಚಿಕ್ಕಪ್ಪನ ಮಗಳು ರುಮೆನಾಗೆ ಆದದ್ದು. ಅರ್ಧ ಅವಳು ಹೇಳಿದ್ದು, ಅರ್ಧ ನಾನೇ ಪಕ್ಕದಲ್ಲಿ ಕೂತು ನೋಡಿದ್ದು.

ಈಸ್ಟರ್ ಕಳೆದು ಒಂದು ವಾರ. ನನ್ನ ಗೆಳತಿ ಪೆತ್ಕಾಳ ಮನೇಲಿ ಅವಳ ಸೊಸೆ ವಿಷಯ ಮಾತಾಡ್ತಾ ಕೂತಿದ್ದೆ, ಹೊತ್ತು ಹೋಗಿದ್ದೇ ತಿಳೀಲಿಲ್ಲ. ಆ ಸೊಸೆ ವಿಷಯ ಬಿಡಿ, ಅದು ಇದಕ್ಕಿಂತ ಹೊಲಸು. ಒಬ್ಬಳೇ ವಾಪಸು ಬರ್ತಾ ಇದ್ದೆ. ಊರಾಚೆ ಹಳೇ ಬಾವಿ ಇದೆಯಲ್ಲ, ಆಕ್ರೋಟು ಮರದ ಕೆಳಗೆ… ಅಲ್ಲಿ ಕತ್ತಲಾದ ಮೇಲೆ ಯಾರೂ ನಿಲ್ಲೋದಿಲ್ಲ. ಆದರೆ ಸರಪಳಿ ಸದ್ದು ಕೇಳ್ತು.

ಕಿರ್ರ್… ಕಿರ್ರ್… ಆಮೇಲೆ, ದುಬುಕ್.

ನಿಂತುಬಿಟ್ಟೆ. ಯಾರೋ ನೀರು ಸೇದ್ತಾ ಇದ್ದರು.

"ನೇದಕ್ಕ, ನಾನು," ಅಂತ ಪಿಸುಗುಟ್ಟಿದಳು ರುಮೆನಾ. "ಕೂಗಬೇಡ."

ಹತ್ತಿರ ಹೋದೆ. ಅವಳ ತೋಳಿನ ತನಕ ವಿನಿಗರ್ ನಾತ. ಬೆರಳ ತುದಿ ನೆನೆದು ಸುಕ್ಕಾಗಿ ಬೆಳ್ಳಗಾಗಿದ್ದವು. ಇಷ್ಟು ಹೊತ್ತಲ್ಲಿ ನೀರು ಯಾಕೆ ಅಂದೆ. ಕ್ಯಾರವಾನ್ ತೊಳೆಯೋಕೆ ಅಂದಳು, ಅದೇ ಅವಳು ಈಗ ಇರೋ ಚಕ್ರದ ಮೇಲಿನ ಮನೆ. ಹಗಲೆಲ್ಲ ತೊಳೆದಿದ್ದಾಯ್ತು, ತೊಟ್ಟಿ ಖಾಲಿ, ಬೆಳಿಗ್ಗೆಗೆ ಮತ್ತೆ ನೀರು ಬೇಕು.

"ಅಕ್ಕ, ನಿನ್ನ ಮೂಗು ಚುರುಕು ಅಂತಾರೆ ಎಲ್ಲರೂ. ನಾಳೆ ಮಧ್ಯಾಹ್ನ ಒಂದ್ಸಲ ಬಂದು ಮೂಸಿ, ನಾತ ಎಲ್ಲಿಂದ ಬರ್ತಿದೆ ಅಂತ ಹೇಳ್ತೀಯಾ?"

"ನನ್ನ ಮೂಗು ಚುರುಕು ಅಂದೋರು ಅದನ್ನ ಹೊಗಳಿ ಅಂದಿದ್ದಲ್ಲ," ಅಂದೆ. ಆದರೂ ಬರ್ತೀನಿ ಅಂದೆ. ಬರದೇ ಇರ್ತೀನಾ.

ಈಗ ಹಿಂದಿನದು ಹೇಳಬೇಕು. ರುಮೆನಾ ವಿಧವೆ. ಹನ್ನೊಂದು ವರ್ಷ ತಮ್ಮನ ಮನೆ ಹಿಂದಿನ ಕೋಣೇಲಿ ಬಿದ್ದಿದ್ದಳು. ತಮ್ಮನ ಹೆಂಡತಿ ಗೀನ್ಕಾ ಪ್ರತಿ ಗುರುವಾರ ಸಂತೆಗೆ ಹೋಗ್ತಾಳೆ. ಗುರುವಾರ ಮಧ್ಯಾಹ್ನ ಆ ಮನೆ ಹಿತ್ತಲ ಬಾಗಿಲಲ್ಲಿ ಕೊಸ್ತಾದಿನ್ ಅನ್ನೋ ಗಂಡಸಿನ ಬೂಟು ಕಾಣ್ತಿತ್ತು. ಅವನಿಗೆ ಆಗ ಹೆಂಡತಿ ಇದ್ದಳು, ದಫಿನಾ. ಗಟ್ಟಿ ಹೆಂಗಸು, ಮಾತು ಕಮ್ಮಿ. ನಾನು ಈ ಬೂಟಿನ ವಿಷಯ ಯಾರಿಗೂ ಹೇಳಿರಲಿಲ್ಲ. ಪೆತ್ಕಾಗೆ ಬಿಟ್ಟು.

ಹೋದ ಸೆಪ್ಟೆಂಬರಲ್ಲಿ ದಫಿನಾ ಸತ್ತಳು. ಶುಕ್ರವಾರ ಬೆಳಿಗ್ಗೆ, ಮನೇಲಿ, ಮಲಗಿದಲ್ಲೇ ಹೋದಳು ಅಂತ ಕೊಸ್ತಾದಿನ್ ಹೇಳಿದ. ನಮ್ಮಲ್ಲಿ ಸತ್ತವರ ಫೋಟೋ ಹಾಕಿ ಸಾವಿನ ಚೀಟಿ ಅಚ್ಚು ಮಾಡಿಸ್ತೀವಿ. ಮನೆ ಬಾಗಿಲಿಗೆ, ಅಂಗಡಿಗೆ, ಬಸ್ ನಿಲ್ದಾಣಕ್ಕೆ, ಚರ್ಚಿನ ಗೇಟಿಗೆ ಅಂಟಿಸ್ತೀವಿ. ಎಲ್ಲೆಲ್ಲಿ ಆ ಮನುಷ್ಯ ಬಾಳಿದ್ದನೋ ಅಲ್ಲೆಲ್ಲ. ಓದೋರಿಗೂ ತಿಳೀಲಿ… ಸತ್ತೋರಿಗೂ ತಿಳೀಲಿ. ದಫಿನಾ ಚೀಟಿನೂ ಎಲ್ಲ ಕಡೆ ಅಂಟಿತು. ನಲವತ್ತನೇ ದಿನ ಗೋಧಿ ಬೇಯಿಸಿ ಸಕ್ಕರೆ ಬೆರೆಸಿ ಹಂಚಿದರು. ಮಾರನೇ ದಿನ ದಫಿನಾ ತಾಯಿ ಬಂದು, ಮನೆ ನನ್ನ ಮಗಳದ್ದು, ನೀನು ಹೊರಡು ಅಂದಳು ಅಳಿಯನಿಗೆ. ಮುದುಕಿಗೂ ಆ ಬೂಟಿನ ವಿಷಯ ಹೇಗೋ ಗೊತ್ತಾಗಿತ್ತು. ನನ್ನ ಕಡೆ ಯಾಕೆ ನೋಡ್ತೀರಿ.

ಅವನಿಗೆ ಉಳಿದದ್ದು ಒಂದೇ ಸೂರು. ದ್ರಾಕ್ಷಿ ತೋಟದಲ್ಲಿ ನಿಂತಿದ್ದ ಹಳೇ ಕ್ಯಾರವಾನ್. ಹಿಂದೆ ಕಾರಿಗೆ ಕಟ್ಟಿ ಸಮುದ್ರದ ದಡಕ್ಕೆ ಎಳ್ಕೊಂಡು ಹೋಗ್ತಿದ್ದರು. ಚಕ್ರ ಕೂತುಹೋದ ಮೇಲೆ ಇಪ್ಪತ್ತು ವರ್ಷದಿಂದ ಅಲ್ಲೇ. ಬೇಸಿಗೇಲಿ ದಫಿನಾ ಅಡಿಗೆ, ಉಪ್ಪಿನಕಾಯಿ ಕೆಲಸ ಎಲ್ಲ ಅದರಲ್ಲೇ ಮಾಡ್ತಿದ್ದಳು, ಕರೆಂಟೂ ಇತ್ತು.

ಚಳಿಗಾಲ ಕಳೆದದ್ದೇ ರುಮೆನಾ ಬಟ್ಟೆ ಗಂಟು ಕಟ್ಕೊಂಡು ಆ ಕ್ಯಾರವಾನಿಗೆ ಹೋದಳು. ಅವತ್ತು ಸಂಜೆನೇ ಗೀನ್ಕಾ ಅವಳ ಕೋಣೆಗೆ ತನ್ನ ಮಗಳ ಮಂಚ ಹಾಕಿದಳು. ಜೊತೆಗೆ ಒಂದು ಮಾತೂ ಹೇಳಿ ಕಳಿಸಿದಳು. "ಸಂತ ಜಾರ್ಜ್ ಹಬ್ಬಕ್ಕೆ ನಾವೆಲ್ಲ ನಿನ್ನ ಅರಮನೆಗೇ ಊಟಕ್ಕೆ ಬರ್ತೀವಿ. ಮೂಗು ಮುಚ್ಕೊಳ್ಳದೆ ಕೂರೋ ಹಾಗಿದ್ರೆ."

ವಾಪಸು ಹೋಗೋಕೆ ಮಂಚ ಇಲ್ಲ. ಇಲ್ಲಿ ಇರೋಕೆ ನಾತ ಬಿಡ್ತಿಲ್ಲ. ಹಬ್ಬಕ್ಕೆ ಎರಡೇ ವಾರ. ಅದಕ್ಕೇ ಅವಳು ಕತ್ತಲಲ್ಲಿ ಬಾವಿ ಹತ್ತಿರ ನಿಂತಿದ್ದು.

ಮಾರನೇ ದಿನ ಹನ್ನೊಂದೂವರೆಗೆ ಹೋದೆ. ಕೊಸ್ತಾದಿನ್ ಎದುರಿಗೇ ಸಿಕ್ಕ, ಎಲ್ಲಿಗೋ ಹೊರಟಿದ್ದ. "ನೇದಕ್ಕ, ಇವಳ ಮೂಗಿಗೆ ಏನೋ ಆಗಿದೆ, ನನಗಂತೂ ಏನೂ ವಾಸನೆ ಬರಲ್ಲ," ಅಂದ. ದಿನಾ ಇದೇ ಹೊತ್ತಿಗೆ ಹೊರಡ್ತಾನೆ ಅಂತ ರುಮೆನಾ ಆಮೇಲೆ ಹೇಳಿದಳು. ನಾನು ಅದನ್ನ ಮನಸ್ಸಲ್ಲಿ ಇಟ್ಕೊಂಡೆ.

ಅವಳು ಕೆಲಸ ಮಾಡಿದ್ದಳು ರೀ, ಸುಳ್ಳು ಹೇಳಬಾರದು. ಮೆತ್ತೆಗಳನ್ನ ಹೊರಗೆ ಎಳೆದು, ಬಡಿದು, ನಾಲ್ಕು ದಿನ ಬಿಸಿಲಿಗೆ ಹಾಕಿದ್ದಳು. ಗೋಡೆ ಹಲಗೆ ಬಿಚ್ಚಿ ಇಲಿ ಗೂಡು ತೆಗೆದಿದ್ದಳು, ಒಂದು ಬುಟ್ಟಿ ತುಂಬ. ಚಾವಣಿಗೆ ವಿನಿಗರ್ ನೀರು ಒರೆಸಿದರೆ ಇಪ್ಪತ್ತು ವರ್ಷದ ಸಿಗರೇಟು ಹೊಗೆ ಚಹಾದ ಬಣ್ಣದಲ್ಲಿ ತೊಟ್ಟಿಕ್ಕಿತಂತೆ. ಕಿಟಕಿ ರಬ್ಬರಿನ ಬೂಷ್ಟು ಹಲ್ಲುಜ್ಜೋ ಬ್ರಷ್‌ನಲ್ಲಿ ಉಜ್ಜಿದ್ದಳು. ಪಾತ್ರೆ ತೊಳೆಯೋ ತೊಟ್ಟಿಯ ಕೊಳವೆಗೆ ಕುದಿಯೋ ನೀರು, ನೆಲದ ರೆಕ್ಸಿನ್ ಕಿತ್ತು ಬಿಸಾಕಿ ಬೂದಿ ನೀರು. ಮೂಲೆ ಮೂಲೆಗೂ ಒಂದೊಂದು ಬಟ್ಟಲು… ಸೋಡಾ ಪುಡಿ, ಕಾಫಿ ಚರಟ.

ಮೂಸಿದೆ. ಇಲಿ ಇಲ್ಲ. ಬೂಷ್ಟು ಇಲ್ಲ. ಹೊಗೆ ಇಲ್ಲ.

"ಚೆನ್ನಾಗೇ ಇದೆಯಲ್ಲೇ," ಅಂದೆ.

"ಹನ್ನೆರಡಾಗಲಿ," ಅಂದಳು.

ಇಬ್ಬರೂ ಬೆಂಚಿನ ಮೇಲೆ ಕೂತ್ವಿ. ಬಿಸಿಲಿಗೆ ತಗಡಿನ ಚಾವಣಿ ಟಿಕ್… ಟಿಕ್… ಅಂತಿತ್ತು. ಹೊರಗೆ ಕಣಜ ಒಂದು ಗಾಜಿಗೆ ಬಡೀತಿತ್ತು. ಚರ್ಚಿನ ಗಂಟೆ ಹನ್ನೆರಡು ಹೊಡೀತು. ಕಣಜ ಸುಮ್ಮನಾಯ್ತು.

ಆಮೇಲೆ… ಚುಂಯ್.

ಸಣ್ಣಗೆ. ಹಸಿ ಸಿಪ್ಪೆ ಕೆಂಡಕ್ಕೆ ತಾಗಿದ ಹಾಗೆ. ಸ್ವಲ್ಪ ಹೊತ್ತು ಬಿಟ್ಟು, ಪಟ್. ಮತ್ತೆ ಪಟ್.

ಆಗ ವಾಸನೆ ಬಂತು. ಸುಟ್ಟ ಮೆಣಸಿನಕಾಯಿ. ನಾವು ಚಳಿಗಾಲಕ್ಕೆ ಸುಟ್ಟು, ಸುಲಿದು ಸೀಸೆ ತುಂಬೋ ದಪ್ಪ ಕೆಂಪು ಮೆಣಸಿನಕಾಯಿ. ಸೆಪ್ಟೆಂಬರಲ್ಲಿ ಊರಿಗೆ ಊರೇ ಆ ವಾಸನೆ ಹೊಡೆಯುತ್ತೆ, ಬಾಯಲ್ಲಿ ನೀರೂರುತ್ತೆ. ಆದರೆ ಇದು ಹಾಗಲ್ಲ. ಇದು ಸಿಪ್ಪೆ ದಾಟಿ, ತಿರುಳು ದಾಟಿ, ಬರೀ ಕರಕಲಾಗಿ ಗಂಟಲು ಹಿಡಿಯೋ ನಾತ. ಕಣ್ಣಲ್ಲಿ ನೀರು ಬಂತು. ಏಪ್ರಿಲ್ ತಿಂಗಳು. ಊರಲ್ಲಿ ಯಾರ ಹತ್ತಿರವೂ ಒಂದು ಹಸಿ ಮೆಣಸಿನಕಾಯಿ ಇಲ್ಲ.

"ದಿನಾ ಎರಡು ಗಂಟೆ ತನಕ," ಅಂದಳು ರುಮೆನಾ. "ಆಮೇಲೆ ಹೋಗುತ್ತೆ."

ನಾನು ಬಗ್ಗಿದೆ. ಸದ್ದು ನಾವು ಕೂತ ಬೆಂಚಿನ ಒಳಗಿಂದಲೇ ಬರ್ತಿತ್ತು. ಬೆಂಚಿನ ಪೆಟ್ಟಿಗೆಗೆ ಮೊಳೆ ಹೊಡೆದಿತ್ತು.

"ಇದನ್ನ ತೆಗೆದಿಲ್ವಾ?"

"ಹಳೇ ಕಬ್ಬಿಣ, ಮುಟ್ಟಬೇಡ ಅಂದಿದಾನೆ."

ಮುಟ್ಟಬೇಡ ಅಂದಿದ್ದನ್ನ ಮುಟ್ಟದೆ ಇರೋಕೆ ನನಗೆ ಬರಲ್ಲ. ಬ್ರೆಡ್ ಚಾಕು ತುರುಕಿ ಹಲಗೆ ಎಬ್ಬಿಸಿದ್ವಿ. ಒಳಗೆ ಹೂವಿನ ಅಂಚಿನ ಏಪ್ರನ್ ಸುತ್ತಿಟ್ಟ ಒಂದು ಗಂಟು. ದಫಿನಾದೇ ಏಪ್ರನ್, ನನಗೆ ಗುರುತು ಸಿಕ್ತು. ಬಿಚ್ಚಿದರೆ ಮೆಣಸಿನಕಾಯಿ ಸುಡೋ ಕರೆಂಟ್ ಒಲೆ. ಸಣ್ಣ ಕೊಳಗದ ಹಾಗಿರುತ್ತೆ, ಒಳಗೆ ಮಣ್ಣಿನ ಗೂಡು, ಮೇಲೆ ಮುಚ್ಚಳ. ಪ್ರತಿ ಮನೇಲೂ ಒಂದು ಇದೆ. ಇದರ ವೈರನ್ನ ಬುಡದಲ್ಲೇ ಕತ್ತರಿಸಿ ಹಾಕಿತ್ತು.

ರುಮೆನಾ ಮುಚ್ಚಳ ತೆಗೆದಳು. ಒಂದು ಮೆಣಸಿನಕಾಯಿ. ಇದ್ದಲಾಗಿ, ತೊಟ್ಟಿನ ಸಮೇತ ನಿಂತಿತ್ತು.

ನಮ್ಮಲ್ಲಿ ಯಾವ ಹೆಂಗಸೂ ಒಲೇಲಿ ಮೆಣಸಿನಕಾಯಿ ಬಿಟ್ಟು ಏಳೋದಿಲ್ಲ. ನಾಲ್ಕು ನಿಮಿಷದ ಕೆಲಸ ಅದು, ಪಕ್ಕದಲ್ಲೇ ಕೂತಿರಬೇಕು. ನಾನು ರುಮೆನಾ ಮುಖ ನೋಡಿದೆ, ಅವಳು ನನ್ನ ಮುಖ ನೋಡಿದಳು.

ಕೊಸ್ತಾದಿನ್ ಮೂರು ಗಂಟೆಗೆ ಬಂದ. ಒಲೆ ಮೇಜಿನ ಮೇಲಿತ್ತು. ನಾನು ಎದ್ದು ಹೋಗ್ತೀನಿ ಅಂದೆ, ಆದರೆ ಎದ್ದೇಳಲಿಲ್ಲ.

"ಅವಳು ಸತ್ತದ್ದು ಮನೇಲಲ್ಲ," ಅಂದಳು ರುಮೆನಾ.

ಅವನು ಟೋಪಿ ತೆಗೆದ.

"ಇಲ್ಲೇ. ಈ ಬೆಂಚಿನ ಹತ್ತಿರ. ನಾನು ಬಂದಾಗ ತಣ್ಣಗಾಗಿದ್ದಳು… ಒಲೆ ಮಾತ್ರ ಉರೀತಿತ್ತು."

"ಯಾವತ್ತು?"

"ಗುರುವಾರ."

ರುಮೆನಾ ಕೈ ಮೇಜಿನ ಮೇಲಿಂದ ಜಾರಿತು. ಗುರುವಾರ ಹನ್ನೆರಡರಿಂದ ಎರಡರ ತನಕ ಅವನು ಎಲ್ಲಿರ್ತಿದ್ದ ಅಂತ ಅವಳಿಗೆ ನಾನು ಹೇಳಿಕೊಡಬೇಕಾ. ಆ ದಿನ ಅವಳು ಕುಂಬಳಕಾಯಿ ಹೋಳಿಗೆ ಮಾಡಿದ್ದಳಂತೆ. ಅವನು ಎರಡು ಸಲ ಹಾಕಿಸ್ಕೊಂಡು ತಿಂದನಂತೆ.

ಇಲ್ಲಿ ಸತ್ತಳು ಅಂದರೆ, ಆಗ ನೀನೆಲ್ಲಿದ್ದೆ ಅಂತ ಕೇಳ್ತಾರೆ. ಆ ಹೆದರಿಕೆಗೆ ಕತ್ತಲಾದ ಮೇಲೆ ಕಾರಲ್ಲಿ ಕೂರಿಸ್ಕೊಂಡು ಮನೆಗೆ ಒಯ್ದು, ಹಾಸಿಗೇಲಿ ಮಲಗಿಸಿ, ಬೆಳಿಗ್ಗೆ ಅತ್ತು ಕರೆದಿದಾನೆ. ಸೀಟು ಬೆಲ್ಟ್ ಕೂಡ ಹಾಕಿದ್ದನಂತೆ.

"ಹಾಗಾದರೆ ಇಲ್ಲಿ ಚೀಟಿ ಅಂಟಿಸಿಲ್ಲ," ಅಂದೆ ನಾನು. "ಊರಿಗೆಲ್ಲ ಗೊತ್ತು ಅವಳು ಸತ್ತಿದ್ದು. ಈ ಬಾಗಿಲಿಗೆ ಗೊತ್ತಿಲ್ಲ. ಅವಳಿಗೂ ಗೊತ್ತಿಲ್ಲ. ಇನ್ನೂ ಸುಡ್ತಾ ಕೂತಿದಾಳೆ, ನೀನು ಊಟಕ್ಕೆ ಬರ್ತೀಯ ಅಂತ."

ಅವನು ಎದ್ದು ಕಾರಿನ ಕಡೆ ಹೋದ. ಕಾರಲ್ಲಿ ಒಂದು ಚೀಟಿ ಉಳಿದಿತ್ತು. ಮೈದಾ ಅಂಟು ಕಲಸಿ ಕ್ಯಾರವಾನಿನ ಬಾಗಿಲಿಗೆ ಅಂಟಿಸಿದ್ವಿ, ಮೇಲೊಂದು ಕಪ್ಪು ಪಟ್ಟಿ. ರುಮೆನಾನೇ ಗೋಧಿ ಬೇಯಿಸಿದಳು. ಮಾಡಬೇಕಾದೋಳು ಬೇರೆ ಯಾರಿದ್ದರು. ಕೊಸ್ತಾದಿನ್ ಆ ಒಲೆ, ಆ ಕರಕಲು ಮೆಣಸಿನಕಾಯಿ ಬರಿಗೈಲಿ ಎತ್ಕೊಂಡು ಹೋಗಿ, ದಫಿನಾ ಗೋರಿ ಮಗ್ಗುಲಲ್ಲಿ ಹೂತು ಬಂದ. ಕೈಯೆಲ್ಲ ಮಸಿ.

ಮಾರನೇ ದಿನ ಹನ್ನೆರಡು ಹೊಡೀತು. ನಾನೂ ಇದ್ದೆ. ಚಾವಣಿ ಟಿಕ್ ಟಿಕ್ ಅಂತು. ಬೇರೆ ಏನೂ ಇಲ್ಲ. ಸೋಪಿನ ವಾಸನೆ, ಅಷ್ಟೇ. ರುಮೆನಾ ಬಾಗಿಲಲ್ಲಿ ಕೂತು ಅತ್ತಳು. ಅದರ ಮಾರನೇ ದಿನವೂ ಇಲ್ಲ.

ಹಬ್ಬಕ್ಕೆ ಗೀನ್ಕಾ ಸಂಸಾರ ಸಮೇತ ಬಂದಳು. ಬಾಗಿಲ ಮೇಲಿನ ಚೀಟಿ ಓದಿದಳು, ತುಟಿ ಕೊಂಕಿಸಿದಳು, ಒಳಗೆ ನುಗ್ಗಿದಳು. ಮೆತ್ತೆ ಎತ್ತಿ ಮೂಸಿದಳು. ಕಪಾಟು ತೆಗೆದು ಮೂಸಿದಳು. ತೊಟ್ಟಿಯೊಳಗೆ ಮುಖ ಇಟ್ಟು ಮೂಸಿದಳು. ಏನೂ ಸಿಗದೆ ಕುರಿಮರಿ ಮಾಂಸ ಮೂರು ಸಲ ಹಾಕಿಸ್ಕೊಂಡು ತಿಂದಳು. ಆ ಹೊತ್ತಿಗೆ ರುಮೆನಾ ಬೆನ್ನು ನೆಟ್ಟಗೆ ಮಾಡಿ ಕೂತಿದ್ದು ನೋಡಬೇಕಿತ್ತು ನೀವು. ಆ ಸೂರು ಅವಳದಾಯ್ತು, ಅವತ್ತೇ.

ಹೊರಡುವಾಗ ಗೀನ್ಕಾ ಎಲ್ಲರ ಕೈ ಕುಲುಕಿದಳು. ಕೊಸ್ತಾದಿನ್ ಕೈ ಕುಲುಕಿ, ಹಾಗೇ ನಿಂತಳು. ತನ್ನ ಅಂಗೈ ಮೂಗಿಗೆ ಹಿಡಿದಳು.

"ಈ ತಿಂಗಳಲ್ಲಿ ಮೆಣಸಿನಕಾಯಿ ಎಲ್ಲಿ ಸಿಕ್ತಪ್ಪ ನಿನಗೆ?" ಅಂದಳು. "ಅದೂ ಹೀಗೆ ಸುಟ್ಟುಹಾಕೋಕೆ?"

ಅವಳಿಗೆ ಏನೂ ಗೊತ್ತಿರಲಿಲ್ಲ. ನಾನು ಹೇಳಿರಲಿಲ್ಲ, ಆಣೆ ಮಾಡ್ತೀನಿ. ಕೊಸ್ತಾದಿನ್ ಕೈ ಮೂಸಿ ನೋಡ್ಕೊಂಡ. "ನನಗೇನೂ ಬರ್ತಿಲ್ಲ," ಅಂದ.

ರುಮೆನಾ ಅವನ ಕೈಗೆ ವಿನಿಗರ್ ಹಾಕಿದಳು, ಸೋಡಾ ಹಾಕಿದಳು, ಬೂದಿಯಲ್ಲಿ ಚರ್ಮ ಕೀಳೋ ಹಾಗೆ ಉಜ್ಜಿದಳು, ನಾತ ಹೋಗಲಿಲ್ಲ. ಈಗ ಅವಳು ಕ್ಯಾರವಾನಿನ ಒಳಗೆ ಚಿಲಕ ಹಾಕ್ಕೊಂಡು ಮಲಗ್ತಾಳೆ, ಅವನು ಹೊರಗೆ ದ್ರಾಕ್ಷಿ ಚಪ್ಪರದ ಕೆಳಗೆ.

ನಂಬಿದರೆ ನಂಬಿ, ಬಿಟ್ಟರೆ ಬಿಡಿ. ಬೆಳಿಗ್ಗೆ ಬ್ರೆಡ್ ಅಂಗಡಿ ಹತ್ತಿರ ನಿಂತು ನೋಡಿ. ಇದು ಆಗಸ್ಟ್ ತಿಂಗಳು, ನಾಯಿಗಳೂ ನೆರಳು ಬಿಟ್ಟು ಏಳ್ತಿಲ್ಲ. ಕೊಸ್ತಾದಿನ್ ಉಣ್ಣೆ ಕೈಗವಸು ಹಾಕ್ಕೊಂಡು ಬರ್ತಾನೆ.