ದೀಪ ಹಚ್ಚೂ ಹೊತ್ತು

ನಗಬ್ಯಾಡೋ ರಾಮದಾಸ... ಯಾಕ ನಗ್ತಿ? ಹೌದು, ದೇವರನ್ನ ಆ ಸೆನ್ಸರ್ ಮ್ಯಾಲ ಕೂಡಿಸಿದಾಂವ ನಾನ! ಗಾಡಿ ಮುಂದಿನ ಗಾಜಿನ ಬುಡಕ್ಕ ದುಂಡಗ, ಕರ್ರಗ ಒಂದು ಉಬ್ಬು ಇತ್ತು. ಕಂಪನಿಯವ್ರು ದೇವರಿಗಂತನ ಪೀಠ ಮಾಡಿ ಕೊಟ್ಟಾರ ಅಂದ್ಕೊಂಡೆ. ನಿಮ್ಮ ಅಕ್ಕ ಸುವರ್ಣಾ ಕೊಟ್ಟ ಶರಣಬಸಪ್ಪನ ಮೂರ್ತಿ ಅದರ ಮ್ಯಾಲನ ಅಂಟಿಸಿಬಿಟ್ಟೆ. ಹಗಲೆಲ್ಲಾ ಹೆಡ್‌ಲೈಟು ಹತ್ತಿದ್ದು ಹತ್ತಿದಂಗ! ನೀನ ಅಲ್ಲೇನು ಆವಾಗ ಫೋನಿನ್ಯಾಗ ಹೇಳಿದಾಂವ? ಮಾವಾ, ದೇವರನ್ನ ಬಾಜೂಕ ಕೂಡಿಸು, ಅದು ಗಾಡಿ ಬೆಳಕು ನೋಡೂ ಕಣ್ಣು ಅಂತ.

ಅದು ಹೋದ ವರ್ಷದ ಮಾತು ಬಿಡು. ಈಗ ಪೂರಾ ಉಲ್ಟಾ. ಕತ್ತಲಾದ್ರೂ ಲೈಟು ಹತ್ತವಲ್ದು. ಗಾಡಿ ತಾನ ನೋಡಿ ತಾನ ಹಚ್ಚತೈತಿ ಅಂತ ಅಷ್ಟು ರೊಕ್ಕ ಸುರದು ತಗೊಂಡಾರ ನಮ್ಮ ಮಾಲಕ ಸಾಬ್ರು... ಕೈಲೆ ಯಾಕ ಹಚ್ಚಲಿಲ್ಲ ಅಂತಿ? ಹಚ್ಚಿದ್ದೆಪ್ಪ! ಒಂದಿನ ಹಚ್ಚಿದ್ದೆ. ಹಿಂದ ಕೂತಿದ್ದ ಸಾಬ್ರು, "ಬಂಡೆಪ್ಪಾ, ಅಭೀ ಸೇ ಲೈಟ್ ಕ್ಯೂಂ? ಇನ್ನೂ ಬಿಸಿಲೈತಲ್ಲೋ" ಅಂತ ನಕ್ಕರು. ಅವರೇನು, ಫೋನ್ ನೋಡಿಕೋತ ಕೂಡಾವ್ರು, ಅವರಿಗೇನು ಗೊತ್ತಾಗ್ತೈತಿ? ಅವತ್ತಿಂದ ನಾ ಆ ಗುಂಡಿ ಮುಟ್ಟಿಲ್ಲ.

ಹೋದ ವಾರ ಏನಾತು ಗೊತ್ತೇನು? ಪಟಾನ್‌ಚೆರುದಾಗ, ನಮ್ಮ ಫ್ಯಾಕ್ಟ್ರಿ ಗೇಟಿನ ಮುಂದ. ಸಂಜೀಕ ಪಾಳಿ ಬಿಟ್ಟಿತ್ತು. ಬಸ್ಸಿನ ಕಡೆ ಓಡಿ ಬಂದ್ಲೋ ಒಬ್ಬಾಕಿ... ನನಗ ಕಾಣಲಿಲ್ಲ. ಲೈಟ್ ಹತ್ತಿದ್ದಿಲ್ಲಲ್ಲ, ಹೆಂಗ ಕಾಣಬೇಕು? ಸಾಬ್ರು ಹೋ ಅಂತ ಚೀರಿದ್ರು, ಬ್ರೇಕ್ ಒತ್ತಿದೆ. ಆಕಿ ಉಳದ್ಲು. ಆಕಿ ಕೈಯಾಗಿನ ಊಟದ ಡಬ್ಬಿ ಗಾಲಿ ಕೆಳಗ ಹೋಗಿ... ರೊಟ್ಟಿಯಂಗ ಚಪ್ಪಟಿ ಆಗಿತ್ತೋ. ಆಕಿ ಬೈಲಿಲ್ಲ. ಬೈದಿದ್ರ ಚಲೋ ಇತ್ತು. ಸುಮ್ನ ಡಬ್ಬಿ ಎತ್ತಿಕೊಂಡು, ಅದನ್ನ ನೋಡಿಕೋತ ನಿಂತ್ಲು.

ಲೈಟ್ ಕೆಟ್ಟೈತ್ರೀ ಅಂದೆ ಸಾಬ್ರಿಗೆ. ಗಾಡಿ ತಪ್ಪಾದ್ರ ಸರಿ, ತೋರಿಸ್ಕೊಂಡು ಬಾ ಅಂದ್ರು. ಗಾಡಿ ತಪ್ಪು ಅಲ್ಲದಿದ್ರ ಅಂತ ನಾ ಕೇಳಲಿಲ್ಲ, ಅವರೂ ಹೇಳಲಿಲ್ಲ. ಅದಕ್ಕ ಸನತ್‌ನಗರಕ್ಕ, ನಿನ್ನ ಗ್ಯಾರೇಜಿಗೆ ಓಡಿ ಬಂದೀನಿ. ಸೆನ್ಸರ್ ಹಾಳಾಗೈತ್ರೀ ಅಂತ ನೀ ಫೋನ್ ಮಾಡಿ ಒಂದ ಮಾತು ಹೇಳಿದ್ರ, ನನ್ನ ಸ್ಟಿಯರಿಂಗ್ ನನ್ನ ಕೈಯಾಗ ಉಳೀತೈತಿ. ಒಂದ ಮಾತು!

ನೋಡಿದಿ, ಹೌದು, ಎಲ್ಲಾ ನೋಡಿದಿ. ಫ್ಯೂಜ್ ತಗದು ನೋಡಿದಿ. ವೈರಿಗೆ ಮೀಟರ್ ಹಿಡದಿ. ಸೆನ್ಸರ್ ಮ್ಯಾಲ ಅರವಿ ಮುಚ್ಚಿದ್ರ ಲೈಟ್ ಹತ್ತತೈತಿ, ಅರವಿ ತಗದ್ರ ಆರತೈತಿ. ಹಂಗಾದ್ರ ಅರವಿಗೊಂದು ನ್ಯಾಯ, ಸಂಜೀಗೊಂದು ನ್ಯಾಯ ಏನು? ಅಲ್ಲಿ ನಿಂತ ಬ್ಯಾರೆ ಗಾಡೀದು ಚಲೋ ಸೆನ್ಸರ್ ತಗದು ಹಾಕಿದಿ. ಅದೂ ಹತ್ತವಲ್ದು! ಅದೂ ಕೆಟ್ಟೈತಿ ಅಂತೀನಿ. ಎರಡೂ ಕೆಟ್ಟಾವು!

...ಯಾಕ ನನ್ನ ಮಾರಿ ನೋಡ್ತಿ? ಗಾಡಿ ನೋಡೋ, ಗಾಡಿ!

ಎಷ್ಟು ಕತ್ತಲಾತು. ನಿನ್ನ ಗ್ಯಾರೇಜಿನ ಗ್ವಾಡಿನ ಕಾಣವಲ್ದು ನನಗ... ಅಂದ್ರ, ಯಾರಿಗರ ಹೆಂಗ ಕಾಣಬೇಕು? ಎದುರಿನ ಕಿರಾಣಿ ಅಂಗಡಿ ಅಮ್ಮ ಇಷ್ಟೊತ್ತಿಗೆ ಬಲ್ಬ್ ಹಚ್ಚಿ ಕೈ ಮುಗದಿರಬೇಕು. ದೀಪ ಹಚ್ಚೂ ಹೊತ್ತು ಆಕಿ ಎಂದೂ ತಪ್ಪಸೂದಿಲ್ಲ. ನಾನೂ ಅಷ್ಟ, ಹೆಡ್‌ಲೈಟು ಹತ್ತಿದ ಕೂಡ್ಲೆ ಸ್ಟಿಯರಿಂಗ್‌ಗೆ ಕೈ ಮುಗಿಯಾಂವ. ನೋಡು, ಮುಗದಿರ್ತಾಳ... ಇಲ್ಲಾ? ಬಲ್ಬ್ ಹಚ್ಚೇ ಇಲ್ಲಾ?

ಮರ್ತಿರಬೇಕು... ಕರೆಂಟ್ ಹೋಗಿರಬೇಕು.

ಅಲ್ಲಿ ಚೆಂಡಿನ ಸಪ್ಪಳ... ಹುಡುಗ್ರು ಇನ್ನೂ ಕ್ರಿಕೆಟ್ ಆಡಾಕತ್ತಾರೇನು? ಇಷ್ಟು ಕತ್ತಲಾಗ ಅವಕ್ಕ ಚೆಂಡು ಹೆಂಗ ಕಾಣ್ತೈತೋ?

ರಾಮದಾಸ? ಏನರ ಮಾತಾಡೋ. ಬೈಯರ ಬೈ. ಹಿಂಗ ಸುಮ್ನ ನಿಂದ್ರಬ್ಯಾಡ... ಆಕಿನೂ ಹಿಂಗ ನಿಂತಿದ್ಲು, ಡಬ್ಬಿ ಹಿಡಕೊಂಡು.

...ಏ, ಹತ್ತಿತು! ಹತ್ತಿತು ನೋಡು! ಅಮ್ಮನ ಬಲ್ಬೂ ಹತ್ತಿತು... ಎರಡೂ ಕೂಡೇ ಹತ್ತಿದುವು. ಅಂದ್ರ... ದೀಪ ಹಚ್ಚೂ ಹೊತ್ತು ಈಗ ಆತೇನು?

ತಡಿ, ಕೈ ಮುಗೀತೀನಿ.

ಸೆನ್ಸರ್ ಚಲೋನ ಐತಿ. ನೀ ಯಾರಿಗೂ ಫೋನ್ ಮಾಡಬ್ಯಾಡ. ಕಣ್ಣಿನ ಡಾಕ್ಟರ್ ಹೇಳಿದ್ದು ನಾ ಮನ್ಯಾಗ ಯಾರಿಗೂ ಹೇಳಿಲ್ಲೋ... ಆದ್ರೂ ನಿಮ್ಮ ಅಕ್ಕಗ ಗೊತ್ತಾಗೇತಿ ಅನಸ್ತೈತಿ. ಸಂಜೀ ಚಹಾ ಟೇಬಲ್ ಮ್ಯಾಲ ಇಡೂದು ಬಿಟ್ಟಾಳ. ನನ್ನ ಕೈ ಹಿಡದು, ಕೈಯಾಗ ಇಟ್ಟು ಹೋಗ್ತಾಳ.

ತಗೋ ಕೀಲಿ. ಗಾಡಿ ನೀನ ಮುಟ್ಟಿಸು ಸಾಬ್ರಿಗೆ. ದೇವರಿರಲಿ, ಅಲ್ಲೇ ಇರಲಿ, ಮುಂದ ಯಾರರ ನಡಸಾವ್ರಿಗೆ...

ಅಳಬ್ಯಾಡೋ ಹುಚ್ಚಾ. ಬಾ, ಕೈ ಹಿಡಿ. ನಿನ್ನ ಗ್ಯಾರೇಜಿನ ಮುಂದ ಒಂದು ಗಟಾರ ಇತ್ತಲ್ಲ... ಎಲ್ಲೈತೋ ತಮ್ಮಾ ಅದು?