ಪಕ್ಕದ ಮಂಚದವನು

ಬಾಗಿಲು ಮುಂದೆ ಮಾಡಿ ಕೂತ್ಕೊಳ್ಳಿ. ಚಿಲಕ ಬೇಡ... ಸುಮ್ನೆ ಮುಂದೆ ಮಾಡಿದ್ರೆ ಸಾಕು. ಇದು ನಾನು ಎಲ್ಲೋ ಓದಿದ್ದಲ್ಲ, ಯಾರೋ ಹೇಳಿ ಇನ್ಯಾರೋ ಕೇಳಿದ್ದೂ ಅಲ್ಲ. ನಮ್ಮ ಪಕ್ಕದ ಮನೆ ರಾಣಿಯಕ್ಕನಿಗೆ ಆಗಿದ್ದು. ಅವಳಿಗೂ ನನಗೂ ನಡುವೆ ಇರೋದು ಒಂದೇ ಗೋಡೆ.

ಆ ರಾತ್ರಿ ರಾಣಿಯಕ್ಕ ತನ್ನ ಅಕ್ಕನ ಮನೆಯಿಂದ ಒಬ್ಬಳೇ ಬರ್ತಿದ್ಲು. ಬೀದಿ ಮಲಗಿತ್ತು. ಬೀದಿ ತಿರುವಿನಲ್ಲಿ ಒಂದು ಹಳೇ ಬಾವಿ ಇದೆ. ಈಗ ಅದರಲ್ಲಿ ಯಾರೂ ನೀರು ಸೇದಲ್ಲ, ಬಾಯಿಗೆ ಜಾಲರಿ ಹಾಕಿದಾರೆ. ರಾಣಿಯಕ್ಕ ಗಟ್ಟಿಯಾಗೇ ಬೈಕೊಂಡು ಬರ್ತಿದ್ಲು. ಬೈತಿದ್ದದ್ದು ಆಗಷ್ಟೇ ನೋಡಿ ಬಂದ ಟೀವಿ ಧಾರಾವಾಹೀನ.

ಬಾವಿ ಹತ್ರ ಬಂದಾಗ ಸದ್ದಾಯ್ತು.

ಕಿರ್ರ್ರ್... ಕಿರ್.

ಒಂದು ಉದ್ದ, ಒಂದು ಗಿಡ್ಡ. ತುಕ್ಕು ಹಿಡಿದ ಕಬ್ಬಿಣ ಭಾರಕ್ಕೆ ನರಳೋ ಸದ್ದು. ರಾಟೆ ಇರ್ಬೇಕು ಅಂದ್ಕೊಂಡು ಮುಂದೆ ಹೋದ್ಲು. ಆಮೇಲೆ ಹೊಳೀತು... ಆ ಬಾವಿಗೆ ರಾಟೆಯೇ ಇಲ್ಲ. ಯಾವ ಕಾಲಕ್ಕೋ ಯಾರೋ ಕಿತ್ಕೊಂಡು ಹೋಗಿದಾರೆ.

ನಾವಾಗಿದ್ರೆ ಚಪ್ಪಲಿ ಬಿಟ್ಟು ಓಡ್ತಿದ್ವಿ. ರಾಣಿಯಕ್ಕ ನಿಂತ್ಲು. ಸೊಂಟದ ಮೇಲೆ ಕೈಯಿಟ್ಟು ಬಾವಿ ಕಡೆ ತಿರುಗಿ, "ನಿಂದೂ ಒಂದು ನಟನೆ ಬೇರೆ" ಅಂದು, ನಿಧಾನಕ್ಕೆ ಮನೆಗೆ ಬಂದು ಮಲಗಿದ್ಲು. ಅವಳು ಅಂಥ ಹೆಂಗಸು.

ಅವಳು ಯಾಕೆ ಅಂಥವಳಾದ್ಲು ಅಂತ ಹೇಳ್ಬೇಕು. ವಯಸ್ಸಿನಲ್ಲಿದ್ದಾಗ ಅವಳು ನಾಟಕದ ಕಂಪನೀಲಿ ರಾಣಿ ಪಾತ್ರ ಮಾಡ್ತಿದ್ಲು. ಪರದೆ ಎದ್ದು ಅವಳು ಮೆಟ್ಟಿಲಿಳಿದು ಬಂದ್ರೆ ಸಿಳ್ಳೆ ಹೊಡೀತಿದ್ದವರ ಬಾಯಿಗೆ ಬೀಗ ಬೀಳ್ತಿತ್ತಂತೆ. ಕಂಪನಿ ಮುಚ್ಚಿತು. ಗಂಡನೂ ಹೋದ. ಈಗ ಒಂದು ಬಾಡಿಗೆ ಕೋಣೆ, ಒಂದು ಹೊಲಿಗೆ ಮಿಷನ್ನು. ಯಾರದೋ ಪ್ಯಾಂಟು ಗಿಡ್ಡ ಮಾಡೋದು, ಯಾರದೋ ಕುಪ್ಪಸ ಅಗಲ ಮಾಡೋದು. ನಡುವೆ ಯಾವಾಗಾದ್ರೂ ಟೀವಿಯವರು ಕರೀತಾರೆ... ಪಾತ್ರಕ್ಕಲ್ಲ, ಗುಂಪಿಗೆ. ಸಂತೆಯ ಗುಂಪು, ಅಳೋ ಗುಂಪು, ಬಸ್ಸಿಗೆ ಕಾಯೋ ಗುಂಪು. ರಾಣಿಯಾಗಿದ್ದವಳು ಗುಂಪಿನಲ್ಲಿ ನಿಂತ್ಕೊಂಡ್ರೆ ಹೊಟ್ಟೆಯೊಳಗೆ ಏನಾಗ್ಬೇಕು ಹೇಳಿ. ಅದೆಲ್ಲ ಮೂಗಿಗೆ ಬಂದು ನಿಂತಿತ್ತು. ಯಾರ ನಟನೆ ನೋಡಿದ್ರೂ ಮೂಗು ಮುರಿಯೋದೇ.

ಆ ಧಾರಾವಾಹೀನೂ ನೀವೆಲ್ಲ ನೋಡಿರೋ ಥರದ್ದೇ. ಯಾವುದೋ ಊರಲ್ಲಿ ಅಣುಸ್ಥಾವರ ಒಡೀತದೆ. ಒಡೆಯೋದು ಮೊದಲ ದಿನವೇ ಮುಗೀತದೆ, ಆಮೇಲೆ ದಿನಾ ರಾತ್ರಿ ಬರೀ ಅದರ ಸಂಕಟ. ಊರು ಖಾಲಿ, ಬೀದಿ ಖಾಲಿ, ಉಯ್ಯಾಲೆ ಖಾಲಿ. ಎಲ್ಲಾ ಬೂದಿ ಬಣ್ಣ. ಬಣ್ಣದ ಬಟ್ಟೆ ಹಾಕಿದವರಿಗೆ ದಂಡ ಹಾಕ್ತಾರೇನೋ ಅಂತಿದ್ಲು ರಾಣಿಯಕ್ಕ. ಒಬ್ಬ ಒಂದು ಮಾತಾಡಿ ಇನ್ನೊಬ್ಬ ಬಾಯಿ ಬಿಡೋದ್ರೊಳಗೆ ಬಟ್ಟೆ ಒಗೆದು ಹರವಿ ಬರಬಹುದು ಅಂತಿದ್ಲು. ಹಿಂದೆ ಒಂದು ಪಿಟೀಲು... ಒಂದೇ ಎಳೆತ, ಹಲ್ಲುನೋವು ಬಂದವರ ಹಾಗೆ.

ಅದನ್ನ ನೋಡಿ ಅಳೋದ್ರಲ್ಲಿ ಅವಳ ಭಾವನನ್ನ ಮೀರಿಸಿದವರಿಲ್ಲ. ಬಸ್ಸು ಓಡಿಸೋ ಆಳು, ದಿನವಿಡೀ ಬೀದಿಯಲ್ಲಿ ಅಡ್ಡ ಬಂದವರಿಗೆಲ್ಲ ಬಾಯಿಗೆ ಬಂದಂಗೆ ಬೈದು ಬರ್ತಾನೆ. ರಾತ್ರಿ ಕರಿದ ತಿಂಡಿಯ ಬಟ್ಟಲು ತೊಡೆಮೇಲೆ ಇಟ್ಕೊಂಡು, ಒಂದು ಕೈಯಲ್ಲಿ ತಿನ್ನೋದು, ಇನ್ನೊಂದು ಕೈಯಲ್ಲಿ ಕಣ್ಣೊರೆಸೋದು. ರಾಣಿಯಕ್ಕನಿಗೆ ಅದನ್ನ ನೋಡಿದ್ರೆ ಮೈಯೆಲ್ಲ ಉರಿಯೋದು.

ಮತ್ತೆ ಯಾಕೆ ದಿನಾ ಹೋಗಿ ನೋಡ್ತಿದ್ಲು? ಯಾಕಂದ್ರೆ ಅದರಲ್ಲಿ ಅವಳೂ ಇದ್ಲು.

ಹೆಣವಾಗಿ.

ಕೆಲವು ತಿಂಗಳ ಹಿಂದೆ ಕರೆಸಿದ್ರು. ಊರಾಚೆ ಒಂದು ಮುಚ್ಚಿಹೋದ ಆಸ್ಪತ್ರೆ, ಅದರ ಹಿಂದಿನ ವಾರ್ಡು. ಹಾಲುಗಲ್ಲದ ನಿರ್ದೇಶಕ ಬಂದು, ನೀವು ಸತ್ತಿದ್ದೀರಿ ಅಮ್ಮ, ಮಲಗಿ ಅಂದನಂತೆ. ಇವಳು ಕೇಳಿದ್ಲು, ಹೇಗೆ ಸತ್ತೆ, ನರಳಿ ಸತ್ತೆನೋ ನಿದ್ದೇಲಿ ಹೋದೆನೋ ಅಂತ. ಅವನು ನಕ್ಕು, ಅದೆಲ್ಲ ಕ್ಯಾಮೆರಾದಲ್ಲಿ ಕಾಣಲ್ಲ ಬಿಡಿ ಅಂದ. ಆ ನಗುವನ್ನ ಅವಳು ಇವತ್ತಿಗೂ ಕ್ಷಮಿಸಿಲ್ಲ.

ಮೇಕಪ್ ಹುಡುಗಿ ಮುಖಕ್ಕೆ ಅಂಟು ಬಳಿದು, ಸುಟ್ಟ ಚರ್ಮ ಅಂತ ಏನೋ ತೆಳ್ಳನೆ ಕಾಗದ ಹಚ್ಚಿದ್ಲು. ಹಚ್ತಾ ಹಚ್ತಾ, ಇದು ಹಿಂದೆ ಅಂಟುರೋಗದವರ ವಾರ್ಡಂತೆ, ಮನೆಯವರನ್ನೂ ಒಳಗೆ ಬಿಡ್ತಿರಲಿಲ್ಲವಂತೆ ಅಂದ್ಲು. ರಾಣಿಯಕ್ಕ, ಮಾತು ಕಡಿಮೆ ಮಾಡಿ ಅಂಟು ಸರಿಯಾಗಿ ಹಚ್ಚು ಅಂದ್ಲು.

ಕಬ್ಬಿಣದ ಮಂಚದ ಮೇಲೆ ಮಲಗಿ, ಅಕ್ಕಪಕ್ಕ ಯಾರು ಅಂತಲೂ ನೋಡದೆ ಕಣ್ಣು ಮುಚ್ಚಿದ್ಲು. ಎಲ್ಲಾ ಸ್ತಬ್ಧ. ಕ್ಯಾಮೆರಾ ಗಾಲಿ ದೂರದಲ್ಲಿ ಸರ್ರ್... ಅಂತ ಉರುಳ್ತಿತ್ತು. ಆಗ ಎಡಗಡೆಯಿಂದ ಒಂದು ಪಿಸುಮಾತು ಬಂತು.

"ಅಮ್ಮಾ..."

ಇವಳು ಇನ್ನೂ ಬಿಗಿಯಾಗಿ ಕಣ್ಣು ಮುಚ್ಕೊಂಡ್ಲು.

"ಅಮ್ಮಾ... ಹೊರಗೆ ಯಾರಾದ್ರೂ ಕಾಯ್ತಿದಾರಾ?"

ಗಂಡಸಿನ ದನಿ. ಒಣಗಿದ ಎಲೆ ಗಂಟಲಲ್ಲಿ ಸಿಕ್ಕಿಕೊಂಡ ಹಾಗೆ. ರಾಣಿಯಕ್ಕನ ಪಿತ್ತ ನೆತ್ತಿಗೇರಿತು. ಇದೆಲ್ಲಿಂದ ಬಂದ ಪುಂಡ, ಮಾತಿಲ್ಲದ ಪಾತ್ರಕ್ಕೆ ಮಾತು ಸೇರಿಸ್ತಾನೆ, ಇವನಿಂದ ಶಾಟು ಕೆಟ್ರೆ ನಾನು ಇನ್ನೊಂದು ಸಲ ಸಾಯಬೇಕು... ಹೀಗಂದ್ಕೊಂಡು, ಕಣ್ಣು ಬಿಡದೆ, ತುಟಿ ಅಷ್ಟೇ ಅಲ್ಲಾಡಿಸಿ ಹೇಳಿದ್ಲು.

"ಯಾರೂ ಇಲ್ಲ. ಸುಮ್ನೆ ಬಿದ್ಕೋ."

ಆಮೇಲೆ ಆ ಕಡೆಯಿಂದ ಮಂಚದ ಸದ್ದು ಮಾತ್ರ... ಗೋಡೆ ಕಡೆ ಮಗ್ಗುಲಾದವರ ಹಾಗೆ. ಶಾಟು ಮುಗಿದ ಮೇಲೆ ಇವಳು ಬಲಗಡೆಯಿಂದ ಇಳಿದು ಮುಖ ಒರೆಸಿಕೊಳ್ಳೋಕೆ ಹೋದ್ಲು. ಆ ಕಡೆ ತಿರುಗಿಯೂ ನೋಡಲಿಲ್ಲ. ಅಂಥವನ ಮುಖ ನೋಡೋ ಮರ್ಯಾದೆ ಯಾಕೆ ಕೊಡ್ಬೇಕು ಅಂತ.

ಸರಿ. ಬಾವಿ ಹತ್ರ ಸದ್ದು ಕೇಳಿದ ಮಾರನೇ ರಾತ್ರಿ ಆಸ್ಪತ್ರೆಯ ಭಾಗ ಬಂತು. ಅಕ್ಕನ ಮನೆ ತುಂಬಾ ಜನ. ನಮ್ಮ ನಾದಿನಿ ಬರ್ತಾಳೆ, ನಮ್ಮ ನಾದಿನಿ ಬರ್ತಾಳೆ ಅಂತ ಭಾವ ಇಡೀ ಬೀದಿಗೆ ಸಾರಿದ್ದ. ಕ್ಯಾಮೆರಾ ವಾರ್ಡಿನೊಳಗೆ ಬಂತು. ಒಂದೊಂದೇ ಮಂಚ ದಾಟ್ತು. ಪಿಟೀಲು ಎಳೀತು. ಭಾವ ಮೂಗು ಒರೆಸಿಕೊಂಡ.

ಬಂತು. ಕೊನೇ ಸಾಲಿನಲ್ಲಿ, ಸ್ವಲ್ಪ ಮಬ್ಬಾಗಿ, ರಾಣಿಯಕ್ಕ.

ಅವಳ ತುಟಿ ಅಲ್ಲಾಡ್ತಿತ್ತು.

ಗೊತ್ತಿಲ್ಲದವರಿಗೆ ಕಾಣೋದಿಲ್ಲ. ಮನೆಯವರಿಗೆ ಕಾಣದೆ ಇರುತ್ತಾ? ಭಾವ ಒದ್ದೆ ಕಣ್ಣಲ್ಲೇ ಹೊಟ್ಟೆ ಹಿಡ್ಕೊಂಡು ನಕ್ಕ. "ಸತ್ತ ಮೇಲೂ ನಮ್ಮ ನಾದಿನಿ ಬಾಯಿ ನಿಲ್ಲಲ್ಲ ನೋಡಿ." ಆ ಧಾರಾವಾಹಿ ಶುರುವಾದ ಮೇಲೆ ಆ ಮನೇಲಿ ಯಾರಾದ್ರೂ ನಕ್ಕಿದ್ದು ಅದೇ ಮೊದಲು. ರಾಣಿಯಕ್ಕನ ಮುಖ ಕೆಂಪಾಯ್ತು. ನನ್ನದೇನೂ ತಪ್ಪಿಲ್ಲ, ಪಕ್ಕದ ಮಂಚದವನು ಮಾತಾಡಿಸಿದ, ಅದಕ್ಕೆ ಬೈದೆ, ಆ ದಡ್ಡ ನಿರ್ದೇಶಕನಿಗೆ ಅದನ್ನ ಕತ್ತರಿಸೋಕೂ ಬರಲಿಲ್ಲ ಅಂದ್ಲು.

ಅಕ್ಕ ಟೀವಿಯಿಂದ ಕಣ್ಣು ತೆಗೀದೆ ಕೇಳಿದ್ಲು, "ಯಾವ ಪಕ್ಕದವನು?"

ಪಕ್ಕದ ಮಂಚ ಖಾಲಿ.

ಹಾಸಿಗೆಯೂ ಇಲ್ಲ. ಬರೀ ಕಬ್ಬಿಣದ ಚೌಕಟ್ಟು, ಅದಕ್ಕೆ ಬಿಗಿದ ತಂತಿ. ಅದರಾಚೆ ಗೋಡೆ. ರಾಣಿಯಕ್ಕ ರಿಮೋಟಿನಲ್ಲಿ ಆ ದೃಶ್ಯಾನ ಹಿಂದಕ್ಕೆ ಹಾಕಿಸಿದ್ಲು. ಮತ್ತೆ ಹಾಕಿಸಿದ್ಲು. ಪ್ರತಿ ಸಲವೂ ಅವಳ ತುಟಿ ಅಲ್ಲಾಡ್ತದೆ, ಪಕ್ಕದಲ್ಲಿ ಯಾರೂ ಇಲ್ಲ. ತಂತಿ ಮಾತ್ರ ನಡುವೆ ಸ್ವಲ್ಪ ತಗ್ಗಿತ್ತು... ಹಳೇ ಮಂಚ ಅಂದ್ಮೇಲೆ ತಗ್ಗದೆ ಇರುತ್ತಾ ಅಂದ ಭಾವ. ಅನ್ನುವಾಗ ಅವನು ತಿನ್ನೋದು ನಿಲ್ಲಿಸಿದ್ದ.

ಅಕ್ಕ ಅವಳ ಮೊಣಕೈ ಹಿಡಿದು, ಇವತ್ತು ಇಲ್ಲೇ ಮಲಗು ಅಂತ ಮೆಲ್ಲಗೆ ಹೇಳಿದ್ಲು. ಇಂಥ ಕಳಪೆ ಧಾರಾವಾಹಿ ನೋಡಿ ಹೆದರೋ ಸ್ಥಿತಿ ನನಗಿನ್ನೂ ಬಂದಿಲ್ಲ ಅಂದು ರಾಣಿಯಕ್ಕ ಹೊರಟ್ಲು. ಬಾವಿ ದಾಟಿದ್ಲು. ಏನೂ ಸದ್ದಿಲ್ಲ. ಚಪ್ಪಲಿ ಸದ್ದು ಮಾತ್ರ... ಚಟ್, ಚಟ್. ಬಾವಿ ಸುಮ್ನಿದ್ದದ್ದೇ ಅವಳಿಗೆ ಇಷ್ಟವಾಗಲಿಲ್ಲವಂತೆ.

ಮನೆಗೆ ಬಂದು ಚಿಲಕ ಹಾಕಿದ್ಲು. ಚಾಪೆ ಬಿಚ್ಚಿ ನೆಲದ ಮೇಲೆ ಮಲಗಿ ದೀಪ ಆರಿಸಿದ್ಲು. ನಾನು ಗೋಡೆ ಈಚೆ ಮಲಗಿದ್ದೆ. ಅವಳ ಸ್ವಿಚ್ಚಿನ ಟಕ್ ನನಗೆ ಕೇಳಿಸಿತು.

ಆಮೇಲೆ...

ಕಿರ್ರ್ರ್... ಕಿರ್.

ಕೋಣೆಯೊಳಗೆ. ಎಡಗಡೆ. ಅವಳ ತಲೆಗಿಂತ ಸ್ವಲ್ಪ ಎತ್ತರದಲ್ಲಿ, ಮಂಚ ಇದ್ದಿದ್ರೆ ಎಲ್ಲಿಂದ ಬರ್ಬೇಕೋ ಅಲ್ಲಿಂದ.

ರಾಣಿಯಕ್ಕ ಕಣ್ಣು ಬಿಡಲಿಲ್ಲ. ಉಸಿರು ಬಿಗಿ ಹಿಡಿದ್ಲು. ಆವತ್ತು ಹೆಣ ಅಂತ ಸುಮ್ನೆ ಮಲಗಿದ್ಲು, ಈಗ ನಿಜವಾಗ್ಲೂ ಹೆಣದ ಹಾಗಾದ್ಲು.

"ಅಮ್ಮಾ..."

ಅದೇ ಒಣ ದನಿ.

"ಹೊರಗೆ ಯಾರಾದ್ರೂ ಕಾಯ್ತಿದಾರಾ?"

ಅವಳು ನನಗೆ ಹೇಳಿದ್ದು ಇಷ್ಟು. ಹೆದರಿಕೆ ಆಯ್ತು, ಇಲ್ಲ ಅನ್ನಲ್ಲ. ಆದ್ರೆ ಹೆದರಿಕೆಗಿಂತ ಮೊದಲು ತನ್ನದೇ ದನಿ ಕಿವಿಗೆ ಬಂತಂತೆ. ಯಾರೂ ಇಲ್ಲ, ಸುಮ್ನೆ ಬಿದ್ಕೋ. ಎಷ್ಟು ಸಲೀಸಾಗಿ ಅಂದಿದ್ಲು, ಬಾಯಿ ಮುಕ್ಕಳಿಸಿ ಉಗುಳಿದ ಹಾಗೆ. ಜೀವಮಾನವೆಲ್ಲ ಎಷ್ಟು ಜನರ ನಟನೆಗೆ ಥೂ ಅಂದಿದ್ಲೋ... ಆ ರಾತ್ರಿ ಮೊದಲ ಸಲ ಆ ಥೂ ತನ್ನ ಕಡೆಗೇ ತಿರುಗಿತು.

ಇದ್ದಾರೆ ಅಂತ ಸುಳ್ಳು ಹೇಳಿಬಿಡೋಣ ಅನ್ನಿಸಿತು. ಬಾಯಿ ಬರಲಿಲ್ಲ. ಹೊರಗೆ ಯಾರೂ ಇಲ್ಲದೆ ಇದ್ದಾರೆ ಅಂದ್ರೆ ಅದು ಆ ಧಾರಾವಾಹಿಯವರ ಕಣ್ಣೀರಿನ ಥರ ಆಗ್ತದೆ. ಅಂಥದ್ದು ಅವಳಿಂದ ಆಗೋ ಮಾತಲ್ಲ.

ಎದ್ಲು. ಎಡಗಡೆ ನೋಡಲಿಲ್ಲ. ಗೋಡೆ ಸವರಿಕೊಂಡು ಬಾಗಿಲಿಗೆ ಹೋಗಿ ಚಿಲಕ ತೆಗೆದ್ಲು. ಆ ಠಪ್ ಅನ್ನೋ ಸದ್ದು ನಾನೂ ಕೇಳಿದೀನಿ. ಬರಿಗಾಲಲ್ಲಿ ಬೀದಿಗೆ ಇಳಿದು ಬಾಗಿಲ ಎದುರಿಗೆ ನಿಂತ್ಲು. ಅಲ್ಲಿಂದ, ರಾಣಿಯ ದನಿಯಲ್ಲಲ್ಲ, ಯಾರನ್ನೋ ನಿದ್ದೆಯಿಂದ ಎಬ್ಬಿಸೋ ದನಿಯಲ್ಲಿ ಹೇಳಿದ್ಲು.

"ಇದ್ದೀನಪ್ಪಾ. ನಾನಿದ್ದೀನಿ ಹೊರಗೆ. ಕಾಯ್ತಿದ್ದೀನಿ."

ಒಳಗೆ ಕಿರ್ರ್ರ್... ಅಂತು. ಉದ್ದನೆಯದು. ಗಿಡ್ಡನೆಯದು ಬರಲಿಲ್ಲ.

ಆಮೇಲೆ ಬರಿಗಾಲು ನೆಲಕ್ಕೆ ತಾಗಿದ ಸದ್ದು. ತಪ್... ತಪ್. ತುಂಬಾ ದಿನ ಮಲಗಿದ್ದವರು ಗೋಡೆ ಹಿಡ್ಕೊಂಡು ನಡೆಯೋ ಹಾಗೆ, ನಡುನಡುವೆ ನಿಂತು. ಹೊಸ್ತಿಲವರೆಗೆ ಬಂತು. ಅಲ್ಲಿ ತಡೀತು. ರಾಣಿಯಕ್ಕ ಓಡಲಿಲ್ಲ. ಎದುರಿಗೆ ಬರೋರಿಗೆ ದಾರಿ ಬಿಡ್ತೀವಲ್ಲ, ಹಾಗೆ ಒಂದು ಪಕ್ಕಕ್ಕೆ ಸರಿದು ನಿಂತ್ಲು.

ಅಷ್ಟೇ. ಏನೂ ಕಾಣಲಿಲ್ಲ. ಸದ್ದೂ ಇಲ್ಲ. ಬೆಳಕು ಹರಿಯೋವರೆಗೆ ಅವಳು ಮೆಟ್ಟಿಲ ಮೇಲೆ ಕೂತಿದ್ಲು. ಕಾಯ್ತೀನಿ ಅಂದ್ಮೇಲೆ ಕಾಯ್ಬೇಕಲ್ಲ ಅಂದ್ಲು ನನ್ನ ಹತ್ರ.

ಧಾರಾವಾಹಿಯ ಕೊನೇ ಭಾಗಾನೂ ಹೋಗಿ ನೋಡಿದ್ಲು. ಭಾವ ಬಿಕ್ಕಿ ಬಿಕ್ಕಿ ಅತ್ತ. ಇವಳು ಪಿಟೀಲಿನವನಿಗೆ ಯಾರಾದ್ರೂ ಹಲ್ಲಿನ ಡಾಕ್ಟರನ್ನ ತೋರಿಸಿ ಅಂದ್ಲು. ತಿರಸ್ಕಾರ ಏನೂ ಕಮ್ಮಿ ಆಗಿರಲಿಲ್ಲ. ಆಮೇಲೆ ಅದೇ ಹಾಲುಗಲ್ಲದವನು ಫೋನು ಮಾಡಿ, ಹೊಸದೊಂದರಲ್ಲಿ ಹೆಣದ ಪಾತ್ರ ಇದೆ, ನೀವೇ ಬೇಕು ಅಂದ. ಗುಂಪಿನಲ್ಲಿ ನಿಲ್ಲಿಸಿ, ಬರ್ತೀನಿ ಅಂದ್ಲು ರಾಣಿಯಕ್ಕ. "ಸತ್ತವರನ್ನ ತೋರಿಸೋದು ನಿಮಗೆ ಬರಲ್ಲ. ಬಿಟ್ಬಿಡಿ."

ಆ ರಾತ್ರಿ ಕಳೆದ ಬೆಳಿಗ್ಗೆ ಅವಳು ಇದನ್ನೆಲ್ಲ ಹೇಳಿದಾಗ ನಾನೂ ನಿಮ್ಮ ಹಾಗೇ ನಕ್ಕಿದ್ದೆ. ಕನಸು ಕಂಡಿದ್ದೀಯ ಅಂದೆ. ಅವಳು ವಾದ ಮಾಡಲಿಲ್ಲ, ಒಳಗೆ ಹೋಗಿ ನೋಡು ಅಂದ್ಲು. ಹೋದೆ. ಚಾಪೆಯ ಎಡಕ್ಕೆ, ಸಿಮೆಂಟು ನೆಲದ ಮೇಲೆ, ನಾಲ್ಕು ತುಕ್ಕಿನ ಕಲೆ. ದುಂಡಗೆ. ಕಬ್ಬಿಣದ ಮಂಚದ ಕಾಲು ವರ್ಷಗಟ್ಟಲೆ ಒಂದೇ ಕಡೆ ನಿಂತ್ರೆ ಬೀಳ್ತದಲ್ಲ, ಅಂಥದ್ದು. ಸೋಪು ಹಾಕಿ ಉಜ್ಜಿದ್ವಿ, ಆಸಿಡ್ ಹಾಕಿದ್ವಿ. ಮನೆ ಮಾಲೀಕ ಬೈಕೊಂಡು ಮೇಲೊಂದು ಪದರ ಸಿಮೆಂಟು ಬಳಿಸಿದ. ಒಣಗಿದ ಮೇಲೆ ಮತ್ತೆ ಎದ್ದು ಬಂತು.

ಬೇಕಾದ್ರೆ ನಾಳೆ ಬೆಳಿಗ್ಗೆ ಬನ್ನಿ, ತೋರಿಸ್ತೀನಿ. ಆ ಕೋಣೆಗೆ ಯಾವತ್ತೂ ಮಂಚ ಅನ್ನೋದು ಬಂದಿಲ್ಲ. ಬರೋದಕ್ಕೂ ಆಗಲ್ಲ... ಬಾಗಿಲು ಅಷ್ಟು ಕಿರಿದು.